ಸಾವಿರದ ನೂರ ಹನ್ನೆರಡು ಸಾಮಾನುಗಳು

ಈ ಲೋಕದಲ್ಲಿ ಶಾಶ್ವತವಾದದ್ದು ಯಾವುದೂ ಇಲ್ಲ ಎಂದು ಬಲ್ಲವರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಅವರಲ್ಲಿ ಒಬ್ಬರಾದರೂ ಡ್ರೈವ್ ಕೆಟ್ಟ ಕಂಪ್ಯೂಟರಿನ ಮುಂದೆ ಆರು ವಾರ ಕೂತವರಲ್ಲವಾದ್ದರಿಂದ, ಅವರು ಹೇಳಿದ್ದನ್ನು ಅಂದಾಜು ಎಂದು ತಿಳಿಯಬೇಕು. ನಾನು ಕೂತಿದ್ದೇನೆ. ಅಂದಾಜು ಸರಿಯಾಗಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಹರಿಹರದಿಂದ ಗುತ್ತೂರಿನ ಕಡೆಗೆ ಹೋಗುವಲ್ಲಿ ಒಂದು ಕಾರ್ಖಾನೆ, ಅದರ ಆಫೀಸ್ ಕಟ್ಟಡದ ಕೊನೆಯಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ಕಂಪ್ಯೂಟರ್, ಅದರ ಮುಂದೆ ನಾನು. ಮ್ಯಾನೇಜರ್ ಸಾಹೇಬರ ಕೋಣೆ ಬಿಟ್ಟರೆ ಏಸಿ ಇದ್ದದ್ದು ಅಲ್ಲೊಂದೇ. ಧೂಳು ಆಗಬಾರದೆಂದು ಚಪ್ಪಲಿ ಹೊರಗೆ ಬಿಡಬೇಕು, ತಂಪು ಹೋಗಬಾರದೆಂದು ಬಾಗಿಲು ಮುಚ್ಚಿಕೊಳ್ಳಬೇಕು, ಒಳಗೆ ತಿನ್ನಬಾರದು, ಜೋರಾಗಿ ಮಾತಾಡಬಾರದು. ಗರ್ಭಗುಡಿಗೆ ಇರಬೇಕಾದ ನಿಯಮಗಳೆಲ್ಲ ಇದ್ದವು. ಭಕ್ತರು ಮಾತ್ರ ಇರಲಿಲ್ಲ.

ನಾನು ಬೇರೆ ಊರಿನವನು. ಬೆಂಗಳೂರಿನಲ್ಲಿ ಆರು ತಿಂಗಳು ಪ್ರೋಗ್ರಾಂ ಬರೆಯುವುದನ್ನು ಕಲಿಸಿ ಕಂಪನಿಯವರು ನನ್ನನ್ನು ಇಲ್ಲಿಗೆ ಕಳಿಸಿದ್ದರು. ದಾವಣಗೆರೆಯಲ್ಲಿ, ಆವರಗೆರೆಯ ದಾರಿಗೆ ಹತ್ತಿರ, ಮೇಲ್ಮಹಡಿಯ ಒಂಟಿ ರೂಮು ಹಿಡಿದಿದ್ದೆ. ಬೆಳಿಗ್ಗೆ ಬಸ್ಸು, ಹಗಲೆಲ್ಲ ಮುಚ್ಚಿದ ಬಾಗಿಲು, ಸಂಜೆ ಬಸ್ಸು, ಆಮೇಲೆ ಖಾನಾವಳಿ. ಒಂದು ಭಾನುವಾರ ಕುತೂಹಲಕ್ಕೆಂದು ಎಣಿಸಿದೆ. ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ ಮಾತು ಒಟ್ಟು ಒಂಬತ್ತು. ಅದರಲ್ಲಿ ನಾಲ್ಕು ‘ಸಾಕು’, ಬಡಿಸುವವನಿಗೆ ಹೇಳಿದ್ದು. ಮುಂದಿನ ಭಾನುವಾರದಿಂದ ಎಣಿಸುವುದನ್ನು ನಿಲ್ಲಿಸಿದೆ. ಅಂಥ ಲೆಕ್ಕ ಇಟ್ಟರೆ ಬುದ್ಧಿಗೆ ಒಳ್ಳೆಯದಲ್ಲ.

ಕೆಲಸ ಏನೆಂಬುದನ್ನು ಹೇಳಿಬಿಡುತ್ತೇನೆ, ಅದೇನು ದೊಡ್ಡ ರಹಸ್ಯವಲ್ಲ. ಪ್ರತಿಯೊಂದು ಪ್ರೋಗ್ರಾಮಿಗೂ ಕೆಲವು ಸಣ್ಣ ಕೆಲಸಗಳು ಬೇಕೇ ಬೇಕು: ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕುವುದು, ಹೊಸದನ್ನು ಸೇರಿಸುವುದು, ಹಳೆಯದನ್ನು ತೆಗೆಯುವುದು, ಎಲ್ಲವನ್ನೂ ಸಾಲಾಗಿ ನಿಲ್ಲಿಸುವುದು. ಇವನ್ನು ಪ್ರತಿಸಲ ಹೊಸದಾಗಿ ಬರೆಯುವ ಬದಲು ಒಮ್ಮೆ ಬರೆದು ಒಂದೆಡೆ ಇಟ್ಟುಕೊಂಡು, ಬೇಕಾದವರು ಕರೆದು ಬಳಸುವಂತೆ ಮಾಡಿದರೆ ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಕಂಪನಿಯ ಎಲ್ಲ ಘಟಕಗಳ ಸ್ಟೋರ್ಸಿಗೂ ಆಗುವಂಥ ಒಂದು ಲೈಬ್ರರಿ ಬರೆಯುವುದು ನನ್ನ ಕೆಲಸ. ಬರೆದೂ ಬರೆದೆ. ಅದರ ಒಂದು ಗುಣದ ಬಗ್ಗೆ ನನಗೆ ತುಸು ಹೆಮ್ಮೆಯೂ ಇತ್ತು. ಪಟ್ಟಿ ಎಲ್ಲಿದೆ ಎಂದು ಅದು ಕೇಳುತ್ತಿರಲಿಲ್ಲ. ಫ್ಲಾಪಿ ಎಂಬ ತಟ್ಟೆಯಲ್ಲಿದ್ದರೂ ಸರಿ, ಕಂಪ್ಯೂಟರಿನ ನೆನಪಿನಲ್ಲಿದ್ದರೂ ಸರಿ, ಕೊಟ್ಟ ಕೆಲಸ ಮಾಡುತ್ತಿತ್ತು.

ಮುಖ್ಯ ಕಚೇರಿಯಿಂದ ಪತ್ರ ಬಂತು. ದಸರಾ ರಜೆ ಮುಗಿದ ಮೊದಲ ದಿನ ಒಬ್ಬ ಅಧಿಕಾರಿ ಬಂದು ನೋಡುತ್ತಾರೆ, ಲೈಬ್ರರಿಯನ್ನು ಕನಿಷ್ಠ ಸಾವಿರ ನಿಜವಾದ ಸಾಮಾನಿನ ಮೇಲೆ ಓಡಿಸಿ ತೋರಿಸಬೇಕು. ತೋರಿಸಿದರೆ ಕಂಪ್ಯೂಟರ್ ಹರಿಹರದಲ್ಲೇ ಉಳಿಯುತ್ತದೆ, ನಾನೂ ಅದರ ಮುಂದೆ ಉಳಿಯುತ್ತೇನೆ. ಇಲ್ಲವಾದರೆ ಕಂಪ್ಯೂಟರ್ ಇನ್ನೊಂದು ಘಟಕಕ್ಕೆ, ನಾನು ಟೈಮ್ ಆಫೀಸಿಗೆ. ಟೈಮ್ ಆಫೀಸೆಂದರೆ ಗೇಟಿನ ಪಕ್ಕ ಕೂತು ಯಾರು ಎಷ್ಟು ನಿಮಿಷ ತಡವಾಗಿ ಬಂದರು ಎಂದು ಬರೆಯುವ ಜಾಗ. ಅಲ್ಲಿ ಕೂತವನ ಮುಖ ನೋಡಿ ನಕ್ಕ ಮನುಷ್ಯನನ್ನು ನಾನು ಕಂಡಿರಲಿಲ್ಲ.

ಪತ್ರ ಬಂದ ವಾರವೇ ಫ್ಲಾಪಿ ಡ್ರೈವ್ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ಅದು ಓದುತ್ತಿತ್ತು, ಬರೆಯುತ್ತಿರಲಿಲ್ಲ. ಅಂದರೆ ಮೊದಲೇ ಬರೆದಿಟ್ಟ ಲೈಬ್ರರಿಯನ್ನು ಫ್ಲಾಪಿಯಿಂದ ಎತ್ತಿಕೊಳ್ಳಬಹುದು, ಹೊಸದಾಗಿ ಏನನ್ನೂ ಅಲ್ಲಿ ಇಡಲಾಗದು. ರಿಪೇರಿಯವನು ಬೆಂಗಳೂರಿನಿಂದ ಬರಬೇಕು, ‘ಬರ್ತೀನಿ’ ಎಂದು ಮೂರು ಸಲ ಬರೆದ. ಪ್ರಿಂಟರ್ ಬೇರೆಯೇ ಮಂಜೂರಾತಿಯ ವಸ್ತು, ಅದರ ಫೈಲು ಇನ್ನೂ ತಿರುಗಾಡುತ್ತಿತ್ತು.

ಆಗ ನಾನು ಒಂದು ನಿರ್ಧಾರ ಮಾಡಿದೆ. ಸಾವಿರ ಸಾಮಾನನ್ನೂ ಕಂಪ್ಯೂಟರಿನ ನೆನಪಿನೊಳಗೇ ಇಡುವುದು, ಅಧಿಕಾರಿ ಬಂದು ನೋಡುವವರೆಗೆ ಯಂತ್ರವನ್ನು ಆರಿಸದೇ ಇರುವುದು. ಬಳಪದಲ್ಲಿ ಬರೆದ ಕರಿಹಲಗೆಯನ್ನು ಯಾರೂ ಒರೆಸದಂತೆ ಕಾಯುವ ಹಾಗೆ. ಕರೆಂಟ್ ಹೋದರೆ ಬ್ಯಾಟರಿ ಪೆಟ್ಟಿಗೆ ಇತ್ತು, ಬ್ಯಾಟರಿ ಮುಗಿಯುವ ಮೊದಲು ಕಾರ್ಖಾನೆಯ ಜನರೇಟರ್ ಶುರುವಾಗುತ್ತಿತ್ತು. ‘ಆಫ್ ಮಾಡಬಾರದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಸ್ವಿಚ್ಚಿನ ಮೇಲೆ ಅಂಟಿಸಿದೆ. ಆ ಕೋಣೆಗೆ ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ, ಅದು ಹೆಚ್ಚುಕಡಿಮೆ ನನಗೆ ನಾನೇ ಬರೆದುಕೊಂಡ ಕಾಗದ.

ಸಾಮಾನಿನ ವಿವರ ಬೇಕಲ್ಲ, ಸ್ಟೋರ್ಸಿನಿಂದ ಕಾರ್ಡುಗಳನ್ನು ಕೇಳಿದೆ. ಕಾರ್ಡುಗಳ ಜೊತೆಗೆ ಸ್ಟೋರ್‌ಕೀಪರೇ ಬಂದರು. ಐವತ್ತು ದಾಟಿದ ಮನುಷ್ಯ, ಹರಿಹರದ ಕೋಟೆಯ ಹತ್ತಿರದವರು, ಮನೆಯಲ್ಲಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಹದವಾದ ಕನ್ನಡ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಒಂದು ಸುತ್ತು ನೋಡಿದರು.

‘ಇದರಾಗ ಬರೀ ಕಾರ್ಡ್ ನೋಡಿ ಹೊಡದ್ರ ಉಪಯೋಗಿಲ್ರಿ ಸಾರ್’ ಎಂದರು.

‘ಯಾಕೆ?’

‘ಕಾರ್ಡಿನಾಗ ಏನೈತಿ? ಅರ್ಧ ಇಂಚಿನ ಬೋಲ್ಟ್, ಮೂರಿಂಚು ಉದ್ದ. ಹಂಗಂತ ಒಬ್ಬನರ ಬಂದು ಕೇಳ್ಯಾನೇನು? ಕೊಕ್ಕನೂರು ಬೋಲ್ಟ್ ಕೊಡ್ರಿ ಅಂತಾರ.’

‘ಕೊಕ್ಕನೂರು ಯಾಕೆ ಬಂತು?’

‘ಕೊಕ್ಕನೂರಿನವ ಒಬ್ಬ ಫಿಟ್ಟರ್ ಇದ್ದ. ಎಲ್ಲಿ ಏನು ಸಡ್ಲ ಆದ್ರೂ ಅದನ್ನ ಹೊಡೀತಿದ್ದ. ಅವ ರಿಟೈರ್ ಆಗಿ ಹೊಲ ನೋಡ್ಕೊಂಡ್ ಅದಾನ. ಬೋಲ್ಟ್ ಇಲ್ಲೇ ಉಳೀತು.’

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ ಊಟದ ನಂತರ ಎರಡು ತಾಸು ಚಾಚಾ ಬಂದು ಕೂಡುವರು, ಕಾರ್ಡ್ ಓದುವರು, ಅದರ ಕಾರ್ಖಾನೆಯ ಹೆಸರು ಹೇಳುವರು, ನಾನು ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವೆ. ಕನ್ನಡ ಅಕ್ಷರ ಆ ಯಂತ್ರಕ್ಕೆ ಬರುತ್ತಿರಲಿಲ್ಲ. ಒಂದು ವಾಷರಿನ ಹೆಸರು ‘ಬೀಗರು’, ಏಕೆಂದರೆ ಎಷ್ಟು ಬಿಗಿ ಮಾಡಿದರೂ ಸರಿಯಾಗಿ ಕೂಡುತ್ತಿರಲಿಲ್ಲ. ಒಂದು ಗ್ಯಾಸ್ಕೆಟ್ಟಿನ ಹೆಸರು ‘ಸಾಹೇಬರ ತಪ್ಪು’. ಹಿಂದೊಬ್ಬ ಅಧಿಕಾರಿ ಅಳತೆ ತಪ್ಪಿಸಿ ಒಂದು ಲಾರಿಯಷ್ಟು ತರಿಸಿದ್ದನಂತೆ. ಇಪ್ಪತ್ತು ವರ್ಷವಾದರೂ ಮುಗಿದಿರಲಿಲ್ಲ. ಇವನ್ನೆಲ್ಲ ನಾನು ಶಾಸನ ಕೆತ್ತುವವನ ಗಾಂಭೀರ್ಯದಲ್ಲಿ ಹೊಡೆದು ಸೇರಿಸಿದೆ.

ಎರಡನೆಯ ವಾರಕ್ಕೆ ಚಾಚಾ ನನ್ನನ್ನು ಸಾರ್ ಎನ್ನುವುದನ್ನು ಬಿಟ್ಟು ತಮ್ಮಾ ಎನ್ನತೊಡಗಿದರು. ಮೂರನೆಯ ವಾರ ಮನೆಯಿಂದ ಡಬ್ಬಿ ತಂದರು. ಒಳಗೆ ತಿನ್ನಬಾರದು ಎಂಬ ನಿಯಮವನ್ನು ಬರೆದವನೂ ನಾನೇ ಆದ್ದರಿಂದ, ಅದಕ್ಕೆ ವಿನಾಯಿತಿ ಕೊಡುವ ಅಧಿಕಾರವೂ ನನ್ನದೇ ಎಂದು ತೀರ್ಮಾನಿಸಿದೆ. ಪ್ರತಿದಿನ ಏಳುವಾಗ ಅವರು ಪರದೆಯ ಕಡೆ ಕೈ ತೋರಿಸಿ ಕೇಳುತ್ತಿದ್ದರು.

‘ಇದು ಆರಿದ್ರ?’

‘ಎಲ್ಲ ಹೋಗುತ್ತದೆ.’

‘ಒಂದೂ ಉಳಿಯಂಗಿಲ್ಲ?’

‘ಒಂದೂ ಇಲ್ಲ.’

‘ಇಂಥದ್ದಕ್ಕ ಲಕ್ಷಗಟ್ಟಲೆ ಸುರುವ್ಯಾರ’ ಎಂದು ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು. ಆರನೆಯ ವಾರದ ಕೊನೆಗೆ ಪಟ್ಟಿಯಲ್ಲಿ ಸಾವಿರದ ನೂರ ಹನ್ನೆರಡು ಸಾಮಾನುಗಳಾದವು. ಯಾವ ಹೆಸರು ಕೇಳಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತಿತ್ತು. ಸಾವಿರ ದಾಟಿದೆ ಎಂದು ಮುಖ್ಯ ಕಚೇರಿಗೆ ವರದಿ ಬರೆದು ಕಳಿಸಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣ ಎನಿಸಿಕೊಳ್ಳುತ್ತಿದ್ದೆ. ಆದರೆ ಹಿಂದಿನ ವರ್ಷದ ಒಂದು ವಿಷಯ ಮನಸ್ಸಿನಲ್ಲಿ ಉಳಿದಿತ್ತು.

ಆಯುಧ ಪೂಜೆಯ ದಿನ ರಜೆ. ಹಾಗಾಗಿ ಕಾರ್ಖಾನೆಯ ಪೂಜೆ ಹಿಂದಿನ ದಿನ ಮಧ್ಯಾಹ್ನವೇ ಆಗುತ್ತದೆ. ಯಂತ್ರಗಳನ್ನೆಲ್ಲ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಹೂವು ಮುಡಿಸಿ, ಒಂದೊಂದರ ಮುಂದೆಯೂ ಕರ್ಪೂರ ಬೆಳಗುತ್ತ ಮೆಂಟೆನೆನ್ಸ್ ಮೇಸ್ತ್ರಿ ಇಡೀ ಕಾರ್ಖಾನೆ ಸುತ್ತುತ್ತಾರೆ, ಹಿಂದೆ ಕೆಲಸಗಾರರ ಗುಂಪು. ಹಿಂದಿನ ವರ್ಷ ಲೇತುಗಳಿಗೆ ಆಯಿತು, ಲಾರಿಗಳಿಗೆ ಆಯಿತು, ತೂಕದ ಯಂತ್ರಕ್ಕೆ, ಕ್ಯಾಂಟೀನಿನ ರುಬ್ಬುವ ಯಂತ್ರಕ್ಕೆ, ಆಫೀಸಿನ ಟೈಪ್‌ರೈಟರಿಗೆ, ಕೊನೆಗೆ ವಾಚ್‌ಮನ್ನನ ಸೈಕಲ್ಲಿಗೂ ಆಯಿತು. ನನ್ನ ಕೋಣೆಯ ಬಾಗಿಲ ಮುಂದಿನಿಂದ ಗಂಟೆಯ ಸದ್ದು ಹಾದುಹೋಯಿತು. ನಾನು ಕುರ್ಚಿ ಸರಿಪಡಿಸಿಕೊಂಡು, ಅಂಗಿ ಎಳೆದುಕೊಂಡು ಕೂತಿದ್ದೆ. ಸದ್ದು ಮುಂದೆ ಹೋಗಿ ಕ್ಯಾಂಟೀನಿನ ಕಡೆ ತಿರುಗಿತು. ಯಾರದೂ ತಪ್ಪಲ್ಲ, ಮುಚ್ಚಿದ ಬಾಗಿಲು ಯಾರಿಗೆ ನೆನಪಿರುತ್ತದೆ?

ಈ ಸಲ ಪೂಜೆಗೆ ಒಂದು ವಾರ ಇದ್ದಾಗ ಹರಿಹರದ ಬಸ್ಸಿನಲ್ಲಿ ಆ ಮೇಸ್ತ್ರಿಯೇ ನನ್ನ ಪಕ್ಕ ನಿಂತರು. ಹಣೆಯ ಮೇಲೆ ಮೂರು ಪಟ್ಟಿ ವಿಭೂತಿ, ಕೈಯಲ್ಲಿ ಡಬ್ಬಿಯ ಚೀಲ.

‘ಸಾರ್, ನೀವು ಒಳಗ ಕೂತು ಏನ್ ಮಾಡ್ತೀರಿ ಅಂತ ನಮ್ಮ ಮಂದಿ ಪಂದ್ಯ ಕಟ್ಯಾರ’ ಎಂದರು.

‘ಏನಂತ?’

‘ಅರ್ಧ ಮಂದಿ, ಮಲಗ್ತಾರ ಅಂತ.’

‘ಉಳಿದ ಅರ್ಧ?’

‘ಅವ್ರೂ ಮಲಗ್ತಾರ ಅಂತನ. ಕುರ್ಚಿ ಮ್ಯಾಲೋ ಟೇಬಲ್ ಮ್ಯಾಲೋ ಅನ್ನೋದಕ್ಕ ಪಂದ್ಯ.’

ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಆ ನಗುವಿನ ಹುರುಪಿನಲ್ಲಿ, ಹೋದ ವರ್ಷ ನಮ್ಮ ಕೋಣೆಗೆ ಪೂಜೆ ಬರಲಿಲ್ಲವಲ್ಲ ಮೇಸ್ತ್ರಿಯವರೇ ಎಂದುಬಿಟ್ಟೆ.

ಮೇಸ್ತ್ರಿ ವಿಚಾರ ಮಾಡಿದರು. ‘ಅದು ಮಷಿನ್ ಹೌದೇನ್ರಿ?’

‘ಹೌದು.’

‘ತಿರುಗೋದು ಏನೂ ಕಾಣಂಗಿಲ್ಲಲ್ಲ.’

‘ಒಳಗೊಂದು ಫ್ಯಾನ್ ತಿರುಗುತ್ತದೆ.’

‘ಹಂಗಾದ್ರ ಮಷಿನ್ನ ಬಿಡ್ರಿ’ ಎಂದು ತೀರ್ಪು ಕೊಟ್ಟರು. ‘ಈ ಸಲ ಬರ್ತೀವಿ. ಬಾಗ್ಲಾ ತಗದಿಡ್ರಿ.’

ಪೂಜೆಯ ಮಧ್ಯಾಹ್ನ ಬಾಗಿಲು ತೆಗೆದಿಟ್ಟೆ. ಏಸಿಯ ತಂಪೆಲ್ಲ ಹೊರಗೆ ಹೋಗುತ್ತಿತ್ತು, ಹೋಗಲಿ ಎಂದು ಬಿಟ್ಟೆ. ಅಂಗಳದಲ್ಲಿ ಬೂದುಗುಂಬಳ ಒಡೆದ ಸದ್ದು ಕೇಳಿತು, ಆಮೇಲೆ ಗಂಟೆ, ಆಮೇಲೆ ಬಾಗಿಲಲ್ಲಿ ಹದಿನೈದು ಇಪ್ಪತ್ತು ಜೊತೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದವು. ಅಷ್ಟು ಜನ ಆ ಕೋಣೆಯಲ್ಲಿ ಹಿಡಿಯುತ್ತಾರೆಂದು ನನಗೇ ಗೊತ್ತಿರಲಿಲ್ಲ. ಚಾಚಾ ಕೂಡ ಬಂದು ಬೀರುವಿನ ಪಕ್ಕ ನಿಂತರು. ಮೇಸ್ತ್ರಿ ಪರದೆಯ ಚೌಕಟ್ಟಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಸೇವಂತಿಗೆ ಮಾಲೆ ಇಳಿಬಿಟ್ಟರು. ಕರ್ಪೂರ ಹಚ್ಚಿದರು. ಎತ್ತಿದ ಕೈ ಹಾಗೇ ನಿಂತಿತು.

‘ಸಾರ್, ಇದು ಓಡಾಕತ್ತೈತಿ.’

‘ಹೌದು.’

‘ಓಡೋ ಮಷಿನ್ನಿಗೆ ಪೂಜಿ ಮಾಡಂಗಿಲ್ರಿ. ನಿಂದ್ರಸ್ಬೇಕು. ವರ್ಷಕ್ಕೊಂದ್ ದಿನ ಅದಕ್ಕೂ ಉಸಿರು ಬ್ಯಾಡೇನ್ರಿ?’

ಹಿಂದಿನಿಂದ ಯಾರೋ ಹೇಳಿದರು: ‘ಮೇಸ್ತ್ರಿ, ಅದು ಒಂದೂವರೆ ತಿಂಗಳಿಂದ ನಿಂತೇ ಇಲ್ಲಂತ.’

‘ಪಾಪ’ ಎಂದರು ಇನ್ನೊಬ್ಬರು. ಅದರಲ್ಲಿ ಹಾಸ್ಯವೇನೂ ಇರಲಿಲ್ಲ.

ಈ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ನೆನಪಾಗಲಿಲ್ಲ, ಅಷ್ಟೆ. ಈಗ ಬೇಕಾದಷ್ಟು ನೆನಪಾಯಿತು. ಡ್ರೈವ್ ಬರೆಯುವುದಿಲ್ಲ, ಪಟ್ಟಿ ನೆನಪಿನಲ್ಲಿದೆ, ಅಧಿಕಾರಿ ಬರುತ್ತಾರೆ, ಆದ್ದರಿಂದ ಈ ಯಂತ್ರವೊಂದನ್ನು ಬಿಟ್ಟುಬಿಡಿ ಎಂದು ವಿವರಿಸಬಹುದಿತ್ತು. ಅವರು ಮರ್ಯಾದೆಯಿಂದ ಕೇಳುತ್ತಿದ್ದರು. ಕೇಳಿ, ‘ಹಂಗಾದ್ರ ಬ್ಯಾಡ ಬಿಡ್ರಿ’ ಎಂದು ಕರ್ಪೂರ ಎತ್ತಿಕೊಂಡು, ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಹೋಗುತ್ತಿದ್ದರು. ಮುಂದಿನ ವರ್ಷ ಆ ಬಾಗಿಲು ಯಾರಿಗೂ ನೆನಪಾಗುತ್ತಿರಲಿಲ್ಲ.

ಮೇಸ್ತ್ರಿಯ ಬೆರಳು ಸ್ವಿಚ್ಚಿನ ಹತ್ತಿರ ಹೋಗಿ ಕೆಂಪು ಶಾಯಿಯ ಕಾಗದ ಕಂಡು ನಿಂತಿತು. ‘ಏನರ ತೊಂದ್ರಿ ಐತೇನ್ರಿ ಸಾರ್?’

‘ಏ ಮೇಸ್ತ್ರಿ, ತಡಿ, ಅದರಾಗ...’ ಎಂದು ಚಾಚಾ ಬೀರು ಬಿಟ್ಟು ಮುಂದೆ ಬಂದರು.

‘ಏನೂ ತೊಂದರೆ ಇಲ್ಲ, ನಿಲ್ಲಿಸಿ’ ಎಂದೆ ನಾನು.

ಪರದೆಯ ಬೆಳಕು ನಡುವಿನ ಒಂದು ಚುಕ್ಕೆಗೆ ಬಂದು, ಆ ಚುಕ್ಕೆಯೂ ಹೋಯಿತು. ಒಳಗಿನ ಫ್ಯಾನ್ ನಿಂತಿತು. ಒಂದೂವರೆ ತಿಂಗಳಿಂದ ಕಿವಿಯಲ್ಲಿದ್ದ ಸದ್ದು ಇಲ್ಲವಾದಾಗ, ಆ ಕೋಣೆಗೆ ಕಿಟಕಿಯಾಚೆಯ ಬೇವಿನ ಮರದ ಸದ್ದೂ ಕೇಳುತ್ತದೆಂದು ಗೊತ್ತಾಯಿತು. ಮೇಸ್ತ್ರಿ ಕರ್ಪೂರ ಬೆಳಗಿದರು. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ.

ಆಮೇಲೆ ಮಂಡಕ್ಕಿ, ಬತ್ತಾಸು, ಬಾಳೆಹಣ್ಣು ಹಂಚಿದರು. ತಂಪಾಗಿದೆ ಎಂದು ಯಾರೂ ಬೇಗ ಏಳಲಿಲ್ಲ. ನೆಲದ ಮೇಲೆ, ಮೇಜಿನ ಅಂಚಿನ ಮೇಲೆ, ಬಾಗಿಲ ಹೊಸ್ತಿಲ ಮೇಲೆ ಕೂತರು. ಒಬ್ಬ ನನ್ನ ಕುರ್ಚಿಯಲ್ಲಿ ಕೂತು ಹಿಂದಕ್ಕೆ ಒರಗಿ, ‘ಕುರ್ಚಿ ಮ್ಯಾಲ ಮಲಗ್ತಾರ ಅಂದಿದ್ನಲ್ಲ, ಪಂದ್ಯ ನಂದ. ಇದರಾಗ ಎಂಥವಂಗೂ ನಿದ್ದಿ ಬರ್ತೈತಿ’ ಎಂದ. ಇನ್ನೊಬ್ಬ ಮನೆ ಎಲ್ಲಿ ಸಾರ್, ಹಬ್ಬಕ್ಕೆ ಊರಿಗೆ ಹೋಗಲ್ವ ಎಂದು ಕೇಳಿದ. ಕೀಬೋರ್ಡಿನ ಸಂದಿಗೆಲ್ಲ ಮಂಡಕ್ಕಿ ಬಿತ್ತು. ಮುಕ್ಕಾಲು ತಾಸು ಇದ್ದರು. ಅಷ್ಟು ಹೊತ್ತೂ ನಾನು ಮಾತಾಡಿದೆ. ಏನು ಮಾತಾಡಿದೆ ಎಂಬುದು ಈಗ ನೆನಪಿಲ್ಲ, ಬಹಳ ಮಾತಾಡಿದೆ ಎಂಬುದಷ್ಟು ನೆನಪಿದೆ.

ಎಲ್ಲರೂ ಹೋದ ಮೇಲೆ ಚಾಚಾ ಉಳಿದರು. ಬಾಗಿಲು ಮುಚ್ಚಿದರು.

‘ಎಲ್ಲಾ ಹೋತಾ?’

‘ಹೋಯಿತು.’

‘ಬೀಗರೂ?’

‘ಅದೂ.’

‘ಒಂದೂವರೆ ತಿಂಗಳು ಬಾಯಿ ಒಣಗಿಸ್ಕೊಂಡು ಹೇಳೀನಲ್ಲೋ ತಮ್ಮಾ. ನಾ ಅವಂಗ ಹೇಳಾಕ ಬಂದ್ರ ನನ್ನ ಬಾಯಿ ಮುಚ್ಚಿಸಿದಿ. ಯಾಕ ಹಂಗ ಮಾಡಿದಿ?’

ನಾನು ಕೀಬೋರ್ಡನ್ನು ತಲೆಕೆಳಗು ಹಿಡಿದು ಮಂಡಕ್ಕಿ ಕೊಡವುತ್ತಲೇ ಇದ್ದೆ. ಅವರು ‘ಮಸ್ತ್ ಮನುಷ್ಯ ಅದಿ’ ಎಂದು ಹೋದರು. ಹೊಗಳಿದ್ದಲ್ಲ.

ರಜೆಯ ಎರಡು ದಿನ ಕಾರ್ಖಾನೆಯ ಗೇಟು ಮುಚ್ಚಿತ್ತು. ದಾವಣಗೆರೆಯ ರೂಮಿನಲ್ಲಿ ಕೂತು, ಹಾಳೆಯ ಮೇಲೆ ಸಾಮಾನುಗಳನ್ನು ನೆನಪು ಮಾಡಿಕೊಂಡು ಬರೆಯಲು ನೋಡಿದೆ. ನೂರ ಹದಿನಾಲ್ಕು ಹೆಸರು ಬಂದವು. ಹೆಸರಿನ ಕಥೆಯೂ ಬಂತು. ನಂಬರು, ಅಳತೆ, ಯಾವ ಕಪಾಟು ಎಂಬುದು ಬರಲಿಲ್ಲ. ಯಂತ್ರದ ನೆನಪು ಖಾಲಿಯಾದರೆ ಪೂರ್ತಿ ಖಾಲಿಯಾಗುತ್ತದೆ. ಮನುಷ್ಯನದು ಬೇಡದ್ದನ್ನಷ್ಟೇ ಉಳಿಸಿಕೊಳ್ಳುತ್ತದೆ. ಎರಡನೆಯ ದಿನ, ವಿಜಯದಶಮಿಗೆ, ಕೆಳಗಿನ ರಸ್ತೆಯಲ್ಲಿ ಜನ ಬನ್ನಿ ಕೊಟ್ಟು ಬಂಗಾರದಂಗಿರೋಣ ಎಂದು ಹೇಳಿಕೊಳ್ಳುತ್ತ ಹೋಗುತ್ತಿದ್ದರು. ನಾನು ಮೇಲಿನಿಂದ ನೋಡಿದೆ. ಖಾನಾವಳಿಗೂ ಆ ದಿನ ರಜೆ, ಆದ್ದರಿಂದ ‘ಸಾಕು’ ಎನ್ನುವ ಸಂದರ್ಭವೂ ಬರಲಿಲ್ಲ.

ರಜೆ ಮುಗಿದ ದಿನ ಎಂಟಕ್ಕೇ ಕೋಣೆಗೆ ಹೋದೆ. ಚಾಚಾ ಕಾರ್ಡುಗಳ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ.

‘ಕೂಡು. ಹೊಡಿ’ ಎಂದರು.

ಅವರು ಓದಿದರು, ನಾನು ಹೊಡೆದೆ. ನಡುವೆ ಒಂದು ಕಥೆಯನ್ನೂ ಹೇಳಲಿಲ್ಲ. ಕಥೆ ಇಲ್ಲದಿದ್ದರೆ ಎಷ್ಟು ಬೇಗ ಕೆಲಸ ಸಾಗುತ್ತದೆಂದು ಆ ದಿನ ತಿಳಿಯಿತು. ಹತ್ತೂವರೆಗೆ ಅಧಿಕಾರಿ ಬಂದಾಗ ಪಟ್ಟಿಯಲ್ಲಿ ನೂರ ಎಂಬತ್ತಾರು ಸಾಮಾನುಗಳಿದ್ದವು.

ಅಧಿಕಾರಿ ತೆಳ್ಳಗಿನ, ಶಾಂತ ಮನುಷ್ಯ. ಚಪ್ಪಲಿಯಲ್ಲ, ಬೂಟು; ಕೇಳುವ ಮೊದಲೇ ಬಿಚ್ಚಿ ಬಂದರು. ಕೂತು ಕೇಳಿದರು: ‘ಎಷ್ಟಿವೆ?’

‘ನೂರ ಎಂಬತ್ತಾರು.’

‘ಸಾವಿರ ದಾಟಿದೆ ಎಂದು ಬರೆದಿದ್ದಿರಿ.’

‘ದಾಟಿತ್ತು ಸರ್.’

‘ಏನಾಯಿತು?’

‘ಪೂಜೆ ಆಯಿತು.’

ಅವರು ಪರದೆಯ ಮೇಲಿನ ವಿಭೂತಿಯನ್ನೂ ಬಾಡಿದ ಮಾಲೆಯನ್ನೂ ನೋಡಿದರು. ‘ಯಾರಾದರೂ ತಿಳಿಯದೆ ಆರಿಸಿದರೇ?’

ಇದಕ್ಕೆ ಹೌದು ಎಂದಿದ್ದರೆ ಮುಗಿಯುತ್ತಿತ್ತೋ ಏನೋ. ಹಾಗೆಂದರೆ ಅವರು ಮೇಸ್ತ್ರಿಯನ್ನು ಕರೆಸುತ್ತಿದ್ದರು. ‘ಇಲ್ಲ ಸರ್. ನಾನೇ ಆರಿಸಲು ಹೇಳಿದೆ’ ಎಂದೆ. ಚಾಚಾ ಡಬ್ಬಿಯ ಕಾರ್ಡುಗಳನ್ನು ಸರಿಮಾಡುತ್ತ ನಿಂತರು. ಅಧಿಕಾರಿ ಯಂತ್ರದ ಕಡೆ ತಿರುಗಿದರು. ಒಂದು ತಾಸು ಪರೀಕ್ಷೆ ಮಾಡಿದರು. ಹುಡುಕಿದರು, ಸೇರಿಸಿದರು, ತೆಗೆದರು, ಸಾಲು ಮಾಡಿಸಿದರು. ಒಂದೂ ತಪ್ಪಲಿಲ್ಲ. ಲೈಬ್ರರಿಯಲ್ಲಿ ದೋಷವಿಲ್ಲ, ನೂರ ಎಂಬತ್ತಾರರ ಮೇಲೆ ಸಾವಿರದ ಮಾತು ಹೇಳಲು ಬರುವುದಿಲ್ಲ ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಅದನ್ನು ನನಗೆ ಓದಿಯೂ ಹೇಳಿದರು. ಲೈಬ್ರರಿ ಇದ್ದ ಫ್ಲಾಪಿಯನ್ನು ತೆಗೆದುಕೊಂಡು, ಅದಕ್ಕೆ ರಸೀತಿ ಕೊಟ್ಟು ಹೋದರು.

ದೀಪಾವಳಿ ಮುಗಿದ ಸೋಮವಾರ ಲಾರಿ ಬಂದು ಕಂಪ್ಯೂಟರನ್ನು ಇನ್ನೊಂದು ಘಟಕಕ್ಕೆ ಒಯ್ದಿತು. ಅದೇ ಸೋಮವಾರ ನಾನು ಟೈಮ್ ಆಫೀಸಿಗೆ ಸೇರಿದೆ.